ಸತ್ಯಭಾಮೆಯ ದನಿ ಹೋದ ಸಂಜೆ

ಲಗಮವ್ವ ಬಾಯಿ ತೆರೆದಳು. ಹಾಡು ಬರಲಿಲ್ಲ. ಬರೀ ಗಾಳಿ ಬಂತು.

ರಬಕವಿಯಲ್ಲಿ ಅಂದು ಶ್ರೀಕೃಷ್ಣ ಪಾರಿಜಾತದ ಆಟ, ಸತ್ಯಭಾಮೆಯ ವೇಷ ಲಗಮವ್ವನದು. ಮಗ್ಗಗಳೆಲ್ಲ ನಿಂತು, ಊರೇ ಕನಸಿಗೆ ಜಾರಿದಂತೆ ಸುಮ್ಮನಾಗಿತ್ತು. ಗ್ಯಾಸ್‌ಬತ್ತಿ ಆಗಷ್ಟೇ ಹಚ್ಚಿದ್ದರು. ಪಂಢರಪುರಕ್ಕೆ ಹೋಗಿ ಬಂದ ಲಗಮವ್ವ ಮೌನವ್ರತ ಹಿಡಿದಿದ್ದಾಳೆ, ಸತ್ಯಭಾಮೆಯ ಮೊದಲ ಪದ ಹಾಡಿಯೇ ವ್ರತ ಬಿಡುತ್ತಾಳೆ ಎಂದು ಅವಳ ಅಣ್ಣ ಸಾತಪ್ಪ ಊರಿಗೆಲ್ಲ ಹೇಳಿದ್ದ. ಮೇಳದ ಯಜಮಾನ ಅವನೇ. ಆ ಪದ ಕೇಳಲೆಂದು ಡಾಕ್ಟರ್ ಅಂದಾನೆಪ್ಪನವರು ಜಮಖಂಡಿಯಿಂದ ಬಂದಿದ್ದರು. ಅವರು ಕಿವಿ, ಗಂಟಲಿನ ಡಾಕ್ಟರು. ನಾನು ಧರೆಪ್ಪ, ಅವರ ಕಂಪೌಂಡರ್.

"ಎಲಿ ತಿಂದ ಮ್ಯಾಲ ದನಿ ಹೋತು!" ಸಾತಪ್ಪ ಕೂಗಿದ. "ಎಲಿ ಕೊಟ್ಟಾಕಿ ಅನ್ನವ್ವ. ಅದರಾಗ ಸಿಂಧೂರ ಹಾಕ್ಯಾಳ!"

ಹಾಡುವವರಿಗೆ ಸಿಂಧೂರ ತಿನ್ನಿಸಿದರೆ ದನಿ ಸಾಯುತ್ತದೆ — ನಮ್ಮ ಕಡೆ ಇದನ್ನು ನಂಬದವರು ಕಡಿಮೆ. ನಾನೂ ನಂಬಿದೆ. ಅನ್ನವ್ವ ಲಗಮವ್ವನ ಶಿಷ್ಯೆ. ಗುರುವಿನ ದನಿ ಹೋದರೆ ಸತ್ಯಭಾಮೆಯ ವೇಷ ಯಾರಿಗೆ? ಅವಳಿಗೇ!

ಹಿರಿಯ ಮುದಕಪ್ಪ ಅಲ್ಲೇ ಹೇಳಿಬಿಟ್ಟ. "ನಾಳೆ ಸಂಜಿಗೆ ಚಾವಡ್ಯಾಗ ಪಂಚರು ಕೂಡ್ತಾರ. ತಪ್ಪು ಖರೆ ಇದ್ರ ಅನ್ನವ್ವ ಮ್ಯಾಳದಿಂದ ಹೊರಗ."

ಆಮೇಲೆ ಮತ್ತಾವ ಮೇಳ ಅವಳನ್ನು ಕರೆದೀತು? ಅವಳ ಕೈಯಿಂದ ಎಲೆ ಯಾರು ತಗೊಂಡಾರು?

ಮರುದಿನ ಬೆಳಿಗ್ಗೆ ಅನ್ನವ್ವ ನಾವು ಇಳಿದುಕೊಂಡಿದ್ದ ಮನೆಗೇ ಬಂದಳು. ಕಣ್ಣು ಬಾತಿದ್ದವು.

"ಸುಣ್ಣ, ಅಡಿಕಿ. ಬ್ಯಾರೆ ಏನೂ ಹಾಕಿಲ್ರೀ ಸಾಹೇಬ್ರ."

"ಎಲಿ ಕೊಡಂತ ಯಾರು ಹೇಳಿದ್ರು?"

"ಯಾಕ ಹೇಳಬೇಕ್ರೀ? ಬಣ್ಣ ಹಚ್ಚಿದ ಮ್ಯಾಲ ಗುರುವಿಗೆ ಶಿಷ್ಯರು ಎಲಿ ಕೊಡೂದು ನಮ್ಮ ಮ್ಯಾಳದ ರೀತಿ. ಎಲ್ಲಾರಿಗೂ ಗೊತ್ತೈತಿ."

"ಎಲ್ಲಾರಿಗೂ," ಎಂದರು ಡಾಕ್ಟರು, ಮೆಲ್ಲಗೆ.

ಲಗಮವ್ವನ ಮನೆಗೆ ಹೋದೆವು. ಅವಳು ರೊಟ್ಟಿ ತಿನ್ನುತ್ತಿದ್ದಳು, ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು. ಕೊರಳಿಗೆ ಬಿಗಿಯಾಗಿ ಅಂಟಿದ ಅಗಲವಾದ ಟೀಕಿ. ವೇಷ ಕಳಚಿದ್ದರೂ ಆ ಒಡವೆ ಕಳಚಿರಲಿಲ್ಲ.

ನೀರು ಕುಡಿದಳು. ಕೆಮ್ಮಿದಳು — ಉಸಿರು ಕಟ್ಟುವಷ್ಟು.

"ನೋಡ್ರಿ! ಸಿಂಧೂರ ಸುಡಾಕತ್ತೈತಿ!" ಎಂದ ಸಾತಪ್ಪ.

"ಖಾರ ಉರೀತೈತೇನಬೇ, ಲಗಮವ್ವಾ?" ಡಾಕ್ಟರು ಕೇಳಿದರು.

ಇಲ್ಲವೆಂದು ತಲೆಯಾಡಿಸಿದಳು.

ಡಾಕ್ಟರು ಉದ್ದ ಹಿಡಿಯ ಪುಟ್ಟ ಕನ್ನಡಿ ಕೇಳಿದರು. ಉಸಿರಿಗೆ ಮಬ್ಬಾಗದಿರಲೆಂದು ಸ್ಪಿರಿಟ್ ದೀಪದ ಮೇಲೆ ಕಾಯಿಸಿದೆ. ಹೆಚ್ಚು ಬಿಸಿಯಾಯಿತೇ? ಕೈಮೇಲೆ ಇಟ್ಟು ನೋಡಿದೆ. ಸಮಾಧಾನವಾಗದೆ ಮತ್ತೊಮ್ಮೆ ನೋಡಿದೆ.

"ತಾರೋ ಮಾರಾಯಾ, ಆರಿಹೋತು!"

ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು, ಕನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. ನನಗೂ ತೋರಿಸಿದರು. ಒಳಗೆ ಎರಡು ಬಿಳಿ ಕದ. ಒಂದು ಅಲುಗುತ್ತಿತ್ತು. ಎಡಗಡೆಯದು ಮಧ್ಯಾಹ್ನದ ನಿದ್ದೆಯಲ್ಲಿದ್ದಂತೆ ಸುಮ್ಮನಿತ್ತು.

"ಸುಟ್ಟ ಗಾಯ ಐತೇನ್ರೀ?" ಎಂದೆ.

"ಎಲ್ಲೂ ಇಲ್ಲ."

ಆಮೇಲೆ ಲಗಮವ್ವನ ಕಿವಿಯ ಹತ್ತಿರ ಬಗ್ಗಿದರು. "ಅವ್ವಾ, ನಾ ತಿಳಕೊಂಡೀನಿ. ಹೇಳೂದು ಬಿಡೂದು ನಿನಗ ಬಿಟ್ಟಿದ್ದು. ಹೇಳಾಕ ಮನಸಾದ್ರ ಮಾರಿ ಎಡಕ್ಕ ತಿರುಗಿಸಿ ಮಾತಾಡು."

ಮುಖ ತಿರುಗಿಸಿದರೆ ಏನಾಗುತ್ತದೆ? ದಾರಿಯಲ್ಲಿ ಕೇಳಿದೆ. ಅವರು ಹೊಳೆಯ ಕಡೆ ನೋಡುತ್ತ ನಡೆದರು.

ಸಂಜೆ. ಚಾವಡಿ ತುಂಬಿತ್ತು. ಅನ್ನವ್ವ ಕಂಬಕ್ಕೆ ಒರಗಿ ನಿಂತಿದ್ದಳು.

"ಸಿಂಧೂರ ಗಂಟಲಾ ಸುಟ್ಟಿದ್ರ," ಡಾಕ್ಟರು ಶುರು ಮಾಡಿದರು, "ರಂಜಕ ಉರೀಬೇಕಿತ್ತು. ನೀರು ತಂಪು ಅನಿಸಬೇಕಿತ್ತು. ಆದ್ರ ಆಗಿದ್ದು ಉಲ್ಟಾ. ಯಾಕ? ದನಿಯ ಎರಡು ಕದದಾಗ ಒಂದು ಮುಚ್ಚವಲ್ದು. ಸಂದಿನಾಗ ಗಾಳಿ ಸೋರ್ತೈತಿ, ನೀರು ಇಳೀತೈತಿ. ಇದು ಎಲಿಯಿಂದ ಆಗೂದಲ್ಲ. ನರ ಸೋತ್ರ ಆಗೂದು."

"ಮತ್ತ ಆಟದಾಗನ ಯಾಕ ಹೋತು?" ಮುದಕಪ್ಪ ಕೇಳಿದ.

"ಆಟದಾಗ ಹೋತು ಅಂತ ಯಾರು ಹೇಳಿದ್ರು? ಪಂಢರಪುರದಿಂದ ಬಂದ ಮ್ಯಾಲ ಈಕಿ ಮಾತಾಡಿದ್ದು ಯಾರರ ಕೇಳೀರೇನು?"

ಮುದಕಪ್ಪ ಇಲ್ಲವೆಂದು ತಲೆಯಾಡಿಸಿದ. ದೂರದಲ್ಲಿ ಒಂದು ಮಗ್ಗ ಮಾತ್ರ ಬಡಿಯುತ್ತಿತ್ತು. ವ್ರತವನ್ನು ನಾವೆಲ್ಲ ಭಕ್ತಿಯೆಂದು ನೋಡಿದ್ದೆವು. ಅದು ಮುಚ್ಚಿಟ್ಟ ಬಾಗಿಲು ಎಂದು ಯಾರಿಗೂ ಹೊಳೆದಿರಲಿಲ್ಲ.

ಲಗಮವ್ವ ಎದ್ದಳು. ಟೀಕಿ ಬಿಚ್ಚಿದಳು. ಅದರ ಕೆಳಗೆ ಕೊರಳ ಅಡ್ಡಕ್ಕೆ ಎಳೆಗೆಂಪು ಹೊಲಿಗೆಯ ಗುರುತು. ಮುಖವನ್ನು ಎಡಭುಜದ ಕಡೆ ತಿರುಗಿಸಿದಳು. ನಾಚಿಕೆಗೆಂದುಕೊಂಡೆ — ಅಲ್ಲ! ಆ ತಿರುವಿಗೆ ಕದಗಳ ಸಂದು ಕಿರಿದಾಗಿ, ಸಡಿಲಾದ ದನಿ ಬಿಗಿಯಾಯಿತು. ತೆಳ್ಳಗೆ, ಒಡೆದು, ಆದರೂ ಎಲ್ಲರಿಗೂ ಕೇಳುವಂತೆ.

"ಪಂಢರಪುರಕ್ಕ ಹೋಗಿರಲಿಲ್ಲ. ಕೊರಳಾಗಿನ ಗಂಟು ತಗಸಾಕ ದವಾಖಾನಿಗೆ ಹೋಗಿದ್ದೆ. ದನಿಗೆ ತ್ರಾಸ ಆಗಬಹುದು ಅಂತ ಅಲ್ಲಿ ಡಾಕ್ಟ್ರು ಮೊದಲ ಹೇಳಿದ್ರು. ಅನ್ನವ್ವನ ಎಲ್ಯಾಗ ಏನೂ ಇರಲಿಲ್ಲ."

ಡಾಕ್ಟರು ತಿರುಗಿದರು. "ದನಿ ಯಾರೂ ಕದ್ದಿಲ್ಲ. ಗಂಟು ತಗೀವಾಗ ನರ ಸೋತೈತಿ, ಅಷ್ಟ. ಆದ್ರ ಅನ್ನವ್ವನ ಹೆಸರು ಕದ್ದಾಂವ ಇಲ್ಲೇ ಅದಾನ. ವ್ರತದ ಸುದ್ದಿ ಹಬ್ಬಿಸಿದ್ದು, ಎಲಿ ಅಂತ ಮೊದಲ ಕೂಗಿದ್ದು — ಎರಡೂ ಒಂದ ಬಾಯಿ. ಸಾತಪ್ಪಾ!"

ಸಾತಪ್ಪ ಕುಸಿದು ಕೂತ. "ಕೊರಳಿಗೆ ಚಾಕು ಬಿದ್ದಾಕಿನ ಆಟಕ್ಕ ಯಾರು ಕರೀತಾರ್ರೀ? ಆಟದ ಅಟ್ಟದ ಮ್ಯಾಲ ನಿಂತ್ರ ದನಿ ಬಂದ ಬರ್ತೈತಿ ಅಂತ ಕನಸ ಕಂಡೆ. ಬರಲಿಲ್ಲ. ಆಗ ಬಾಯಿಗೆ ಬಂದದ್ದು ಎಲಿ ಅನ್ನೂ ಸುಳ್ಳು."

"ಮೊದಲಿನ ಹಂಗ ಹಾಡ್ತೀನೇನ್ರೀ?" ಲಗಮವ್ವ ಕೇಳಿದಳು.

"ಸುಳ್ಳು ಹೇಳೂದಿಲ್ಲವ್ವಾ. ನರ ಎಚ್ಚರಾಗಾಕ ವರ್ಷ ಬೇಕಾದೀತು. ಆಗದೆಯೂ ಇದ್ದೀತು. ದಿನಾ ಗ್ವಾಡಿಗೆ ಎರಡೂ ಕೈ ಒತ್ತಿ ಹಿಡಿದು 'ಆ' ಅನ್ನು. ಚಲೋ ಇರೂ ಕದ ಅಡ್ಡ ದಾಟಿ ಬಂದು ಮುಚ್ಚೂದು ಕಲೀತೈತಿ. ಮಾತು ಬಂದೀತು. ಮ್ಯಾಲಿನ ಸ್ವರ... ಅದು ಗ್ಯಾರಂಟಿ ಇಲ್ಲ."

ಹೊಳೆಯ ಮಂಜು ಚಾವಡಿಯ ಮೆಟ್ಟಿಲಿಗೆ ಬಂದಿತ್ತು. ಲಗಮವ್ವ ಕಂಬದ ಕಡೆ ನಡೆದು, ಅಂಗೈ ಚಾಚಿದಳು.

"ಎಲಿ ಕೊಡಬೇ, ಅನ್ನವ್ವಾ."

ಅನ್ನವ್ವ ಸಂಚಿಯಿಂದ ಎಲೆ ತೆಗೆದು ಸುಣ್ಣ ಸವರಿ ಕೊಟ್ಟಳು. ಊರೆಲ್ಲ ನೋಡುತ್ತಿದ್ದಂತೆ ಲಗಮವ್ವ ಅದನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಮುಖ ಎಡಕ್ಕೆ ತಿರುಗಿಸಿ ಸತ್ಯಭಾಮೆಯ ಪದದ ಕೆಳಗಿನ ಸ್ವರ ಹಿಡಿದಳು. ಅವಳು ಏರಲಾಗದೆ ನಿಂತಲ್ಲಿಂದ ಅನ್ನವ್ವ ಪದವನ್ನು ಮುಂದೆ ಒಯ್ದಳು.