ಅಪ್ಪನಿಂದ ಬಂದದ್ದು

ಲಗ್ನ ನಿಶ್ಚಯವಾಗಿ ಎರಡು ತಿಂಗಳಾಗಿತ್ತು. ಅಷ್ಟರಲ್ಲೇ ವೈಜಿನಾಥ ಫೋನ್ ಎತ್ತುವುದನ್ನು ನಿಲ್ಲಿಸಿದ. ಫೋನ್ ನಿಂತ ಇಪ್ಪತ್ತೆರಡನೆಯ ದಿನ ಸೋನಾಲಿ ಭಾಲ್ಕಿಯಿಂದ ಬಸ್ ಹತ್ತಿ ಬೀದರಿಗೆ ಬಂದಳು. ಅವನು ಕೆಲಸ ಮಾಡುವ, ಊರಂಚಿನ ಕೊಳಾರದ ಗೋದಾಮಿನಲ್ಲಿ ರಜೆ ಹಾಕಿದ್ದಾನೆ ಅಂದರು. ಅವನ ಬಾಡಿಗೆ ರೂಮಿನ ಬಾಗಿಲು ಬಡಿದಳು.

ತೆರೆದ ವೈಜಿನಾಥ ಸೊರಗಿಹೋಗಿದ್ದ. ಪಕ್ಕೆಗೆ ಪಟ್ಟಿ ಅಂಟಿಸಿತ್ತು.

“ಬ್ಯಾರೆ ಹುಡುಗಿ ಸಿಕ್ಕಾಳೇನು ಅಂತ ಕೇಳ್ಲಿಕ್ಕೆ ಬಂದಿದ್ದೆ,” ಎಂದಳು. ಕಣ್ಣು ಪಟ್ಟಿಯ ಮೇಲೆ ನಿಂತಿತು.

“ಎಡಗಡಿ ಲಂಗ್ಸ್ ಕುಸಿದಿತ್ತು. ಹೋದ ವರ್ಷ ಬಲಗಡಿದು.” ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ.

ಡಾಕ್ಟರು ಅವನ ಮುಖವನ್ನೇ ಬಹಳ ಹೊತ್ತು ನೋಡಿದರಂತೆ. ಮೂಗು, ಕೆನ್ನೆಯ ಮೇಲೆ ರವೆಯಂಥ ಬಿಳಿ ಗುಳ್ಳೆಗಳು. ಸೋನಾಲಿ ಸದಾ ಛೇಡಿಸುತ್ತಿದ್ದುದೂ ಅವನ್ನೇ. ಅಪ್ಪನಿಗೂ ಇದ್ದವೇ ಎಂದು ಡಾಕ್ಟರು ಕೇಳಿದರು. ಇದ್ದವು. ಅಪ್ಪ ಕಿಡ್ನಿಯ ಗಡ್ಡೆಯಿಂದ ಸತ್ತಿದ್ದ. ಪರೀಕ್ಷೆಗೆಂದು ವೈಜಿನಾಥನ ರಕ್ತ ಹೈದರಾಬಾದಿಗೆ ಹೋಯಿತು. ಗುಳ್ಳೆ, ಲಂಗ್ಸ್, ಕಿಡ್ನಿಯ ಗಡ್ಡೆ ಎಲ್ಲಕ್ಕೂ ಮೂಲ ಒಂದೇ, ವಂಶದಲ್ಲಿ ಇಳಿದು ಬರುವ ಅಪರೂಪದ ರೋಗ ಎಂದು ರಿಪೋರ್ಟ್ ಬಂತು.

“ಮಕ್ಕಳಿಗೂ ಬರೂ ಛಾನ್ಸ್ ಅರ್ಧಕ್ಕರ್ಧ ಅದಂತ. ನಿಮ್ಮಪ್ಪಗ ಹೇಳು, ಈ ಲಗ್ನ ಬ್ಯಾಡ.”

“ನಿಮಗ ಸಂಕಟ ಆಗ್ಲಿಲ್ಲೇನ್ರಿ?”

“ಏನೂ ಅನಸವಲ್ದು. ಹಲ್ಲು ಕೀಳೂ ಮುಂದ ಇಂಜೆಕ್ಷನ್ ಕೊಡ್ತಾರಲ್ಲ, ಹಂಗ ಅದ.”

ಅವಳು ರಿಪೋರ್ಟನ್ನು ಎರಡು ಸಲ ಓದಿದಳು.

“ಹಂಗಾದ್ರ ನಿಮ್ಮ ತಂಗಿ ಮಾಯಾಗೂ ಇರಬಹುದಲ್ರಿ. ಹೇಳೀರೇನು?”

ಇಲ್ಲವೆಂದು ತಲೆ ಅಲ್ಲಾಡಿಸಿದ.

“ನನ್ನ ಬಿಡೂದು ಆಮ್ಯಾಲ. ಮೊದಲು ಔರಾದಕ್ಕ, ನಿಮ್ಮ ಮನಿಗೆ ನಡೀರಿ.”

ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದಂತೆ ಅವನ ನೋವಿನ ಪಕ್ಕೆಯನ್ನು ಕಿಟಕಿಯ ಕಡೆ ಮಾಡಿ ಕೂರಿಸಿದಳು.

ಮನೆಯಲ್ಲಿ ಅವನು ರಿಪೋರ್ಟನ್ನು ಸೋನಾಲಿಯ ಕೈಗೆ ಕೊಟ್ಟುಬಿಟ್ಟ. ಸೋನಾಲಿಯೇ ಹೇಳಿದಳು: ಮಾಯಾಗೂ ಪರೀಕ್ಷೆ ಆಗಬೇಕು, ಕಿಡ್ನಿ ಸ್ಕ್ಯಾನ್ ಮಾಡಿಸುತ್ತಿದ್ದರೆ ಗಡ್ಡೆ ಮೊದಲೇ ಸಿಗುತ್ತದೆ, ತೆಗೆಯಬಹುದು. ಮಾಯಾ ಕನ್ನಡಿಯ ಮುಂದೆ ಹೋಗಿ ತನ್ನ ಮೂಗು ಮುಟ್ಟಿ ನೋಡಿಕೊಂಡಳು.

ವೈಜಿನಾಥನ ತಾಯಿ ಅಂಜನಾಬಾಯಿ ಸೋನಾಲಿಗೆ ಹೇಳಿದಳು, “ನೀ ಹಿಂದ ಸರದ್ರ ನಾವೇನೂ ಅನ್ನಂಗಿಲ್ಲ, ತಂಗೀ.”

“ಹಿಂದ ಸರೀತಿ ಏನು ಅಂತ ಇವರು ಕೇಳ್ಲೇ ಇಲ್ರಿ ಅತ್ತಿ. ತಾವ ತೀರ್ಮಾನ ಮಾಡಿಬಿಟ್ರು.”

ವೈಜಿನಾಥ ನೆಲ ನೋಡುತ್ತಿದ್ದವನು ಕತ್ತೆತ್ತಿದ.

“ಇರ್ತೀ ಏನು, ನನ್ನ ಜೋಡಿ?”

“ಇರ್ತೇನ್ರಿ. ಮಕ್ಕಳ ಮಾತು ಇಬ್ಬರೂ ಕೂಡಿ ಡಾಕ್ಟರಿಗೆ ಕೇಳೋಣ.”

ಆಗ ಅವನಿಗೆ ಅಳು ಬಂತು. ಅತ್ತರೆ ಪಕ್ಕೆ ನೋಯುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ. ಸೋನಾಲಿ ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.