ಬಿಚ್ಚದ ಮೆಟ್ಟು

ಬಹಳ ಹಿಂದಿನ ಮಾತು. ವರ್ಷದಲ್ಲಿ ಐದು ತಿಂಗಳು ಹಿಮ ಬೀಳುವ ಬೆಳ್ಗೋಡು ಎಂಬ ರಾಜ್ಯವಿತ್ತು. ಊರು ಬೆಟ್ಟದ ಈಚೆಗೆ, ಅರಮನೆ ಆಚೆಗೆ. ನಡುವೆ ಇದ್ದದ್ದು ಒಂದೇ ದಾರಿ: ಬೆಟ್ಟದ ನೆತ್ತಿಯ ಮೇಲೆ, ಇಬ್ಬರು ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ಏಣು.

ಆ ನಾಡಿನಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿತ್ತು. ಏಣಿನಿಂದ ಇಳಿದುಬಂದವರು ಊರ ಬಾಗಿಲಿನ ಸುದ್ದಿಕಲ್ಲಿನ ಮುಂದೆ ನೆಟ್ಟಗೆ ನಿಂತು, ಎಲ್ಲಿ ಮಂಜುಗಡ್ಡೆ, ಎಲ್ಲಿ ಹುಡಿಹಿಮ, ಎಲ್ಲಿ ಗಾಳಿ ಎಂದು ಹೇಳಬೇಕು. ತಪ್ಪಿದ್ದನ್ನು ಆಮೇಲೆ ತಿದ್ದಬಹುದು. ಆದರೆ ಕಾಲಿನ ಮೆಟ್ಟು ಬಿಚ್ಚಿದರೆ ಸುದ್ದಿ ಮುಗಿಯಿತು. ಮರುದಿನ ಹೋಗುವವರು ಆ ಮಾತನ್ನೇ ನಂಬಿ ಹೆಜ್ಜೆಯಿಡುತ್ತಿದ್ದರು.

ಸುಳ್ಳು ಸುದ್ದಿ ನಂಬಿ ಜಾರಿದವರು ಶೀತಕೇತು ಎಂಬ ಮಾಂತ್ರಿಕನ ಪಾಲು. ಅವನು ಅವರನ್ನು ಮಂಜುಗಡ್ಡೆಯ ಕಂಬದೊಳಗೆ ಹಿಡಿದಿಡುತ್ತಿದ್ದ. ಸೂರ್ಯ ಮುಳುಗುವುದರೊಳಗೆ ಆ ಸುಳ್ಳನ್ನು ತಿದ್ದಿ ಬಿಡಿಸದಿದ್ದರೆ ಅವರು ಎಂದೆಂದಿಗೂ ಅಲ್ಲೇ.

ಊರಿನಲ್ಲಿ ದೇವೀರಿ ಎಂಬ ಹುಡುಗಿಯಿದ್ದಳು. ಅವಳನ್ನು ಸಾಕಿದವಳು ಸೂಲಗಿತ್ತಿ ಗುರುವಜ್ಜಿ. ಅಜ್ಜಿಯಂತೆ ಬೈಯುವವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಅಜ್ಜಿಯಂತೆ ನೋಯದ ಹಾಗೆ ತಲೆ ಬಾಚುವವರೂ ಇರಲಿಲ್ಲ. ಏಣಿನ ಮೇಲೆ ಒಮ್ಮೆಯೂ ಜಾರದವಳು ಎಂದು ದೇವೀರಿಗೆ ಹೆಸರಿತ್ತು. ಒಂದು ದಿನ ಮೂರನೆಯ ತಿರುವಿನಲ್ಲಿ ಅವಳು ಜಾರಿಯೇಬಿಟ್ಟಳು. ಕೂತಂತೆಯೇ ಹತ್ತು ಮಾರು ಕೆಳಗೆ ಹೋದಳು. ಕಾಲು ಉಳುಕಿತು.

ಸುದ್ದಿಕಲ್ಲಿನ ಬಳಿ ಜನ ಸೇರಿದ್ದರು. "ಏನಮ್ಮ, ದಾರಿ ಹೇಗಿದೆ?" ಎಂದರು.

"ಸುಗಮವಾಗಿದೆ" ಎಂದಳು ದೇವೀರಿ. ಊದಿದ ಕಾಲನ್ನು ಅಜ್ಜಿ ನೋಡಿಬಿಟ್ಟಾಳೆಂದು ಮೆಟ್ಟನ್ನೂ ಬಿಚ್ಚದೆ ಕಂಬಳಿ ಹೊದ್ದು ಮಲಗಿದಳು.

ಮರುದಿನ ಬೆಳಗ್ಗೆ ಅವಳು ಏಳುವಷ್ಟರಲ್ಲಿ ಅಜ್ಜಿ ಇರಲಿಲ್ಲ. ರಾಣಿಗೆ ನೋವು ಶುರುವಾಗಿದೆಯೆಂದು ಕರೆ ಬಂದು, ಮೊಮ್ಮಗಳ ಮಾತು ನಂಬಿ ಹೊರಟುಹೋಗಿದ್ದಳು. ಮಧ್ಯಾಹ್ನ ಅರಮನೆಯ ನಗಾರಿ ಆಚೆಯಿಂದ ಕೇಳಿಸಿತು: ಸೂಲಗಿತ್ತಿ ಬಂದಿಲ್ಲ, ಸೂಲಗಿತ್ತಿ ಬಂದಿಲ್ಲ.

ದೇವೀರಿಗೆ ಎಲ್ಲವೂ ಅರ್ಥವಾಯಿತು. ಊರುಗೋಲು ಹಿಡಿದು ಕುಂಟುತ್ತಲೇ ಹತ್ತಿದಳು.

ಮೊದಲನೆಯ ತಿರುವಿನಲ್ಲಿ ಮಾಂತ್ರಿಕನ ಕಾವಲಿನ ಬಿಳಿತೋಳ ಅಡ್ಡ ನಿಂತಿತು. "ದಾರಿ ಹೇಗಿದೆ? ತಪ್ಪಿದರೆ ಕಲ್ಲಾಗುತ್ತೀಯ."

ದೇವೀರಿ ಬಗ್ಗಿ ಹಿಮವನ್ನು ಮುಟ್ಟಿದಳು. "ಮೇಲೆ ಹುಡಿ, ಕೆಳಗೆ ಗಟ್ಟಿ. ಹಿಮ್ಮಡಿ ಊರಿ ನಡೆಯಬೇಕು."

ತೋಳ ದಾರಿ ಬಿಟ್ಟಿತು.

ಎರಡನೆಯ ತಿರುವಿನಲ್ಲಿ ನೀಲಿಕೊಂಬಿನ ಟಗರು ನಿಂತಿತ್ತು. "ದಾರಿ ಹೇಗಿದೆ?"

ಎದುರಿಗೆ ಅಗಲವಾದ, ಹಾಸಿಗೆಯಂಥ ಜಾಗ. ದೇವೀರಿ ಕೋಲು ಚುಚ್ಚಿದಳು. ಕೋಲು ಆಚೆ ಹೊಕ್ಕು, ತೂತಿನಲ್ಲಿ ಆಳದ ಕಣಿವೆ ಕಾಣಿಸಿತು. "ಇದು ನೆಲವಲ್ಲ. ಗಾಳಿ ಕಟ್ಟಿದ ಹಿಮದ ಸೂರು. ಬಂಡೆಯ ಬದಿಗೇ ಹೋಗಬೇಕು."

ಟಗರೂ ದಾರಿ ಬಿಟ್ಟಿತು.

ಮೂರನೆಯ ತಿರುವಿನಲ್ಲಿ ಶೀತಕೇತುವೇ ಇದ್ದ. ಅವನ ಪಕ್ಕದ ಮಂಜುಗಡ್ಡೆಯೊಳಗೆ ಗುರುವಜ್ಜಿ, ಕೈಯಲ್ಲಿ ಬಟ್ಟೆಯ ಗಂಟು. ಸೂರ್ಯ ಬೆಟ್ಟದ ಅಂಚಿಗೆ ಬಂದಿದ್ದ.

"ದಾರಿ ಹೇಗಿದೆ, ಜಾರದ ಹುಡುಗಿ?" ಎಂದು ಅವನು ನಕ್ಕ. "ಸುಗಮ ಎಂದು ಇನ್ನೊಮ್ಮೆ ಹೇಳಿಬಿಡು. ಅಜ್ಜಿಯನ್ನು ಈಗಲೇ ಬಿಡುತ್ತೇನೆ. ನೀನು ಬಿದ್ದದ್ದು ಯಾರಿಗೂ ತಿಳಿಯುವುದಿಲ್ಲ. ನಾಳೆ ಬರುವವರು ನನಗಿರಲಿ."

ಒಂದು ಮಾತು ಸಾಕಾಗಿತ್ತು. ದೇವೀರಿಯ ನಾಲಿಗೆಯ ತುದಿಗೆ ಅದು ಬಂದೂ ಬಂದಿತ್ತು. ಅಷ್ಟರಲ್ಲಿ ಮಂಜುಗಡ್ಡೆಯೊಳಗೆ ಅಜ್ಜಿಯ ಎಡಹುಬ್ಬು ಮೇಲೇರಿತು. ದೇವೀರಿ ಸುಳ್ಳು ಹೇಳಹೊರಟಾಗಲೆಲ್ಲ ಏರುತ್ತಿದ್ದ ಹುಬ್ಬು ಅದು.

ದೇವೀರಿ ಊರಿನ ಕಡೆಗೆ ತಿರುಗಿ ಕೂಗಿದಳು: "ಕೇಳಿ! ಮೂರನೆಯ ತಿರುವಿನಲ್ಲಿ ಹುಡಿಹಿಮದ ಕೆಳಗೆ ಮಂಜುಗಡ್ಡೆಯಿದೆ. ನಿನ್ನೆ ನಾನು ಇಲ್ಲೇ ಬಿದ್ದೆ. ನಾಚಿಕೆಯಿಂದ ಸುಳ್ಳು ಹೇಳಿದೆ!"

"ನಿನ್ನೆಯ ಸುದ್ದಿ ಮುಗಿದುಹೋಯಿತು" ಎಂದ ಶೀತಕೇತು.

"ಮುಗಿದಿಲ್ಲ" ಎಂದು ದೇವೀರಿ ಕುಂಟುಗಾಲನ್ನು ಎತ್ತಿ ತೋರಿಸಿದಳು. "ಮೆಟ್ಟು ಇನ್ನೂ ಬಿಚ್ಚಿಲ್ಲ."

ಕೆಳಗೆ ಸುದ್ದಿಕಲ್ಲು ಗುಡುಗಿತು: "ಬಿಚ್ಚಿಲ್ಲ!"

ಸುದ್ದಿ ತಿದ್ದಿದ ಕೂಡಲೇ ಮಂಜುಗಡ್ಡೆ ಬಿರಿಯಿತು. ಸುಳ್ಳಿನ ಬಲದಿಂದಲೇ ನಿಂತಿದ್ದ ಶೀತಕೇತು ಮೊದಲು ಕಾಲಿನಿಂದ, ಆಮೇಲೆ ಗಡ್ಡದಿಂದ ಕರಗಿ ತೊರೆಯಾಗಿ ಹರಿದುಹೋದ. ಅವನ ಜೊತೆ ಅವನ ಮಂತ್ರವೂ ಕರಗಿತು. ಹಿಂದೆ ಸಿಕ್ಕಿಬಿದ್ದವರೆಲ್ಲ ಮೈ ಕೊಡವಿಕೊಂಡು ಎದ್ದರು.

ಅಜ್ಜಿಯ ಬಾಯಿಂದ ಬಂದ ಮೊದಲ ಮಾತು: "ಮೆಟ್ಟು ಹಾಕಿಕೊಂಡೇ ನನ್ನ ಒಗೆದ ಕಂಬಳಿಯಲ್ಲಿ ಮಲಗಿದ್ದೆಯಾ?"

"ತಪ್ಪಾಯಿತಜ್ಜಿ."

"ಸುದ್ದಿಯಲ್ಲಿ ಇನ್ನೇನಾದರೂ ತಿದ್ದುವುದಿದೆಯಾ?"

"ಇಲ್ಲಜ್ಜಿ."

"ಹಾಗಾದರೆ ಕೂತುಕೋ." ಅಜ್ಜಿ ತಾನೇ ಮೊಣಕಾಲೂರಿ ಮೆಟ್ಟು ಬಿಚ್ಚಿದಳು. ಊದಿದ ಕಾಲನ್ನು ಮಡಿಲಲ್ಲಿಟ್ಟು, ಸೆರಗು ಹರಿದು ಕಟ್ಟಿದಳು. "ಬಿದ್ದರೆ ನಿನ್ನನ್ನು ಮನೆಯಿಂದ ಓಡಿಸುತ್ತಿದ್ದೆನೇ, ಪೆದ್ದಿ?" ಎಂದಳು. ಅವಳ ದನಿ ಸ್ವಲ್ಪ ನಡುಗಿತು, ಚಳಿಯಿಂದ ಎಂದಳು.

ಅಜ್ಜಿ ಮೊಮ್ಮಗಳು ಒಬ್ಬರ ಹಿಂದೊಬ್ಬರು ಏಣು ದಾಟಿದರು. ಆ ರಾತ್ರಿಯೇ ಅರಮನೆಯಲ್ಲಿ ರಾಜಕುಮಾರಿ ಹುಟ್ಟಿದಳು, ರಾಜನು ಊರಿಗೆಲ್ಲ ಸಿಹಿ ಹಂಚಿದನು. ಅಂದಿನಿಂದ ಬೆಳ್ಗೋಡಿನ ಜನ ಎಲ್ಲಿ ಜಾರಿದೆವೆಂದು ಮೊದಲು ಹೇಳಿ, ಆಮೇಲೆ ಮೆಟ್ಟು ಬಿಚ್ಚಿ, ಬೆಚ್ಚಗೆ ಬಾಳಿದರು. ದೇವೀರಿ ಆಮೇಲೂ ನಾಲ್ಕು ಸಲ ಬಿದ್ದಳು. ನಾಲ್ಕನ್ನೂ ಊರೇ ಕೇಳುವಂತೆ ಹೇಳಿದಳು.