ಹಗ್ಗದ ಕೊನೆ

ನಮ್ಮೂರು ಕಣಿವೆಯ ಬುಡದಲ್ಲಿದೆ. ಬೆಳಗ್ಗೆ ಗುಡ್ಡದಿಂದ ಮಂಜು ಇಳಿದರೆ ಕಡಲ ದಂಡೆಯಲ್ಲಿ ಮುಂದೆ ನಿಂತವನ ಬೆನ್ನೂ ಕಾಣಲ್ಲ. ಆದರೂ ಬಲೆ ಎಳೀಲೇಬೇಕು, ಹೊಟ್ಟೆ ಕೇಳಲ್ವಲ್ಲ. ಎಲ್ಲರಿಗಿಂತ ಮುಂದೆ, ಮೊಣಕಾಲುದ್ದ ನೀರಲ್ಲಿ, ನನ್ನ ಹೆಂಡತಿಯ ಅಪ್ಪ ನಿಲ್ತಾರೆ. ಮಾವನಿಗೆ ಕಣ್ಣು ಮಂದ. ಹಿಂದೆ ಎಷ್ಟು ಜನ ಎಳೀತಿದ್ದಾರೆ ಅಂತ ಹಗ್ಗ ಹಿಡಿದೇ ಹೇಳ್ತಾರೆ, ತಮ್ಮನ್ನೂ ಸೇರಿಸಿ ಮೀನನ್ನ ಅಷ್ಟೇ ಪಾಲು ಹಾಕ್ತಾರೆ. ಒಂದು ದಿನವೂ ತಪ್ಪಿದ್ದಿಲ್ಲ.

ಅವತ್ತು ಮಾವನ ಮಗನಿಗೆ, ಅಂದ್ರೆ ನನ್ನ ಭಾವನಿಗೆ, ಜ್ವರ. ಮಾವನೂ ಸೇರಿ ಆರೇ ಜನ. ಭಾವನ ಜಾಗದಲ್ಲಿ, ಸಾಲಿನ ಕೊನೆಗೆ, ನಾನು. ಎಳೆದ ಹಗ್ಗ ಸುತ್ತಿಡೋದು ಕೊನೆಯವನ ಕೆಲಸ, ನನಗದು ಮರೆತೇ ಹೋಗಿತ್ತು. ನೆನಪಾಗಿ ತಿರುಗಿದರೆ, ನನ್ನ ಕೈ ದಾಟಿದ ಹಗ್ಗ ಮರಳಿನ ಮೇಲೆ ಬಿದ್ದಿರಲಿಲ್ಲ. ಬಿಗಿಯಾಗಿ ಮಂಜಿನೊಳಗೆ ಹೋಗಿತ್ತು.

"ಬಂದ್ಯಾ, ಭಾವ?" ಅಂದೆ.

ಕೈ ಹಿಂದೆ ಚಾಚಿ ಹಗ್ಗ ಮುಟ್ಟಿದೆ. ಕಡಲಿಂದ ಬಂದ ಒದ್ದೆ ಹಗ್ಗ, ಆ ಕಡೆ ಮಾತ್ರ ಬೆಚ್ಚಗಿತ್ತು.

ಬಲೆ ದಡಕ್ಕೆ ಬರೋ ಹೊತ್ತಿಗೆ ಮಂಜು ಸರಿಯಿತು. ಹಿಂದೆ ಯಾರೂ ಇಲ್ಲ. ಹಗ್ಗ ಒಪ್ಪವಾಗಿ ಸುತ್ತಿಟ್ಟಿತ್ತು. ಮಾವ ಏಳು ಪಾಲು ಹಾಕಿದ್ದರು.

"ಮಾವ, ಇವತ್ತು ನಾವು ಆರೇ ಜನ."

"ನನ್ನ ಕಣ್ಣಿಗೆ ಏನು ಬೇಕಾದ್ರೂ ಹೇಳು, ಕೈಗೆ ಹೇಳಬೇಡ," ಅಂತ ರೇಗಿದರು.

ಏಳನೇ ಪಾಲನ್ನ ಮನೆಗೆ ಒಯ್ಯೋಕೆ ಯಾರಿಗೂ ಮನಸ್ಸಾಗಲಿಲ್ಲ. ಮರಳ ಮೇಲೇ ಬಿಟ್ಟೆವು. ಸಂಜೆವರೆಗೂ ಒಂದು ಕಾಗೆ ಕೂಡ ಹತ್ತಿರ ಸುಳಿಯಲಿಲ್ಲ.

ಮರುದಿನ ಭಾವ ಎದ್ದು ಬಂದ. ಏಳು ಜನ ಎಳೆದೆವು. ಮಾವ ಹಗ್ಗ ಬಿಟ್ಟು ಕೈ ಒರೆಸಿಕೊಂಡರು. ಒಂಬತ್ತು ಪಾಲು ಹಾಕಿದರು.